ಕಳ್ಳಿ ನೋಡು

"ಏನು ಹೇಳಿದ ಅಂತ ಗೊತ್ತಾಯ್ತಮ್ಮ. ಹೆಂಗೆ ಹೇಳಿದ, ಅದನ್ನ ಹೇಳು."

ಮೆಹರುನ್ನಿಸಾ ಇದನ್ನು ಕೇಳುತ್ತಿದ್ದುದು ಮೊದಲ ಸಲವಲ್ಲ. ಎದುರಿಗೆ ಕುಳಿತಿದ್ದ ಅರ್ಪಿತಾಳಿಗೆ ರೇಗಿಹೋಯಿತು. ಅವಳ ಕೈಯಲ್ಲಿದ್ದ ಕಾಗದದ ಲೋಟದ ಚಹಾ ಆರಿ ಕೆನೆ ಕಟ್ಟಿತ್ತು. ಅದನ್ನವಳು ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ.

"ಎಷ್ಟ್ ಸಲ ಹೇಳ್ಬೇಕು ಆಂಟಿ? 'ಕಳ್ಳಿ ನೋಡು, ಕಳ್ಳಿ ನೋಡು' ಅಂದ. ಕಿವಿಯಾರೆ ಕೇಳಿದೀನಿ. ಆಮೇಲೆ ಕಣ್ಣು ಮುಚ್ಚಿಬಿಟ್ಟ. ಪಕ್ಕದಲ್ಲಿ ನಿಂತಿದ್ದವಳು ಜುವೇರಿಯಾ. ಇನ್ನೇನ್ ಬೇಕು ನಿಮಗೆ?"

ಆಸ್ಪತ್ರೆಯ ಕ್ಯಾಂಟೀನಿನ ಕಿಟಕಿಯಾಚೆ ಬಿಸಿಲು ಬಂತು ಎನ್ನುವಷ್ಟರಲ್ಲಿ ಮಳೆ, ಮಳೆ ಎಂದು ಜನ ಟೋಪಿ ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಬಿಸಿಲು. ಬೆಳಗಿನಿಂದ ಹೀಗೇ ನಡೆದಿತ್ತು. ಮೆಹರುನ್ನಿಸಾಳ ಮನಸ್ಸೂ ಅದೇ ಪಾಡು ಪಡುತ್ತಿತ್ತು.

ಡಬ್ಲಿನ್ನಿನ ಟಾಲಾದ ಸಭಾಭವನದ ಹಿಂಬಾಗಿಲ ಮೆಟ್ಟಿಲ ಬುಡದಲ್ಲಿ ಅರ್ಪಿತಾಳ ಗಂಡ ಲೋಹಿತ್ ತಲೆಯೊಡೆದುಕೊಂಡು ಬಿದ್ದಿದ್ದು ಶುಕ್ರವಾರ ಸಂಜೆ. ಅವನ ಲ್ಯಾಪ್‌ಟಾಪ್ ಚೀಲ ಅಂದಿನಿಂದ ನಾಪತ್ತೆ. ಅವನನ್ನು ಮೊದಲು ಕಂಡವಳು ಆ ದಂಪತಿಯ ಗೆಳತಿ ಜುವೇರಿಯಾ, ಅವಳ ಹಿಂದೆಯೇ ಬಂದವಳು ಅರ್ಪಿತಾ. ಪ್ರಜ್ಞೆ ತಪ್ಪುವ ಮುಂಚೆ ಅವನ ಬಾಯಿಂದ ಬಂದದ್ದು ಇದೊಂದೇ ಮಾತು. ಅದರ ಅರ್ಥವನ್ನು ಅರ್ಪಿತಾ ತಾನೇ ಪೊಲೀಸರಿಗೆ ಇಂಗ್ಲಿಷಿನಲ್ಲಿ ಹೇಳಿ ಬರೆಸಿದ್ದಳು: ಇವಳು ಕಳ್ಳಿ, ಇವಳನ್ನು ನೋಡು.

ಈ ಅನುವಾದ ಸರಿಯಾಗಿದೆ ಎಂದು ಇವತ್ತು ಸಂಜೆಯೊಳಗೆ ಮೆಹರುನ್ನಿಸಾ ರುಜು ಹಾಕಬೇಕಿತ್ತು.

ಅವಳ ಕಸುಬು ದುಭಾಷಿಯದು. ಕೋರ್ಟು, ಆಸ್ಪತ್ರೆ, ಗಾರ್ಡಾ ಎಂದು ಕರೆಸಿಕೊಳ್ಳುವ ಇಲ್ಲಿನ ಪೊಲೀಸರ ಠಾಣೆ, ಎಲ್ಲಿ ಯಾರು ಕನ್ನಡದಲ್ಲೋ ಉರ್ದುವಿನಲ್ಲೋ ಸಿಕ್ಕಿಕೊಂಡರೂ ಕರೆ ಬರುವುದು ಅವಳಿಗೆ. ಜುವೇರಿಯಾ ತನಗೆ ಗೊತ್ತಿರುವ ಹುಡುಗಿ ಎಂದು ಸಾರ್ಜೆಂಟ್ ಕ್ಲೋಡಾಗೆ ಅವಳು ಮೊದಲೇ ಹೇಳಿದ್ದಳು. ಕನ್ನಡದ ಬೇರೆ ದುಭಾಷಿ ಸದ್ಯಕ್ಕೆ ಸಿಗದ ಕಾರಣ ಕೆಲಸ ಇವಳ ಕೊರಳಿಗೇ ಬಿದ್ದಿತ್ತು. ದುಭಾಷಿಗೆ ಕಿವಿ ಮತ್ತು ಬಾಯಿ ಮಾತ್ರ ಇರಬೇಕು, ಅಭಿಪ್ರಾಯ ಇರಬಾರದು ಅನ್ನುವುದು ನಿಯಮ. ಮೂಗಿನ ಬಗ್ಗೆ ನಿಯಮ ಏನನ್ನೂ ಹೇಳುವುದಿಲ್ಲ, ಮೆಹರುನ್ನಿಸಾಳ ಮೂಗು ಹುಟ್ಟಿನಿಂದಲೇ ಸ್ವಲ್ಪ ಉದ್ದ.

"ಎರಡು ಮಾತಿನ ಮಧ್ಯೆ ನಿಲ್ಲಿಸಿದ್ನಾ?" ಎಂದಳು. "'ಕಳ್ಳಿ' ಅಂದು, ಉಸಿರು ಎಳ್ಕೊಂಡು, ಆಮೇಲೆ 'ನೋಡು' ಅಂದ್ನಾ?"

"ಇಲ್ಲ. ಒಟ್ಟೊಟ್ಟಿಗೇ ಅಂದ."

"'ಕಳ್ಳೀನ ನೋಡು' ಅನ್ಲಿಲ್ಲ?"

"ಅದಕ್ಕೂ ಇದಕ್ಕೂ ಏನ್ ಡಿಫರೆನ್ಸು?"

"ಭಾಳ ಐತಮ್ಮ. ಮನುಷ್ಯರನ್ನ ತೋರ್ಸೋವಾಗ ಹಿಂದೆ ಒಂದು 'ನ' ಬೀಳುತ್ತೆ. ಡಾಕ್ಟರನ್ನ ನೋಡು, ಅತ್ತೇನ ನೋಡು. ವಸ್ತುಗಾದ್ರೆ ಅದು ಬೇಕಿಲ್ಲ. ಮನೆ ನೋಡು, ಮರ ನೋಡು."

ಅರ್ಪಿತಾ ಹುಬ್ಬೇರಿಸಿದಳು. "ಹೆಣ್ಣು ನೋಡೋಕೆ ಹೋಗ್ತಾರಲ್ಲ ಆಂಟಿ? ಹಂಗಾದ್ರೆ ಹೆಣ್ಣೇನು ಮರಾನಾ?"

ಮೆಹರುನ್ನಿಸಾಳಿಗೆ ನಗು ಬಂತು. ಹುಡುಗಿ ಚುರುಕು, ಸುಮ್ಮನೆ ಒಪ್ಪಿಕೊಳ್ಳುವ ಜಾತಿಯಲ್ಲ.

"ಒಳ್ಳೆ ಮಾತೇ ಹೇಳ್ದೆ. ಅಲ್ಲಿ ಹೆಣ್ಣು ಯಾರಾದ್ರೂ ನಡೆಯುತ್ತೆ ತಾಯಿ, ಅದಕ್ಕೇ 'ನ' ಇಲ್ಲ. ಇಂಥೋಳೇ ಅಂತ ಗೊತ್ತಾದ್ಮೇಲೆ 'ರತ್ನನ್ನ ನೋಡ್ಕೊಂಡು ಬಂದ್ವಿ' ಅಂತೀವಿ. ಎದುರಿಗೇ ನಿಂತಿರೋಳ್ನ ಬೆರಳಿಟ್ಟು ತೋರ್ಸೋನು 'ಕಳ್ಳಿ ನೋಡು' ಅನ್ನಲ್ಲ."

"ತಲೆ ಒಡ್ಕೊಂಡು ಬಿದ್ದಿರೋನು ವ್ಯಾಕರಣ ನೋಡ್ಕೊಂಡು ಮಾತಾಡ್ತಾನಾ?"

"ತಲೆ ಒಡೆದಾಗ್ಲೇ ಅಮ್ಮ, ಬಾಯಿಗೆ ರೂಢಿ ಇದ್ದಿದ್ದೇ ಬರೋದು." ಮೆಹರುನ್ನಿಸಾ ಮುಂದಕ್ಕೆ ಬಾಗಿದಳು. "ಅವನು ಆ ಮಾತು ಯಾರಿಗೆ ಹೇಳಿದ?"

"ನನಗೆ. ನನ್ನ ಮುಖಾನೇ ನೋಡ್ತಾ ಹೇಳಿದ." ಅರ್ಪಿತಾ ಎದ್ದು ನಿಂತಳು. "ನೀವು ಸೈನ್ ಮಾಡ್ತೀರೋ ಬಿಡ್ತೀರೋ ನಿಮ್ಮಿಷ್ಟ. ಇವತ್ತು ಮಲಗಿಸೋ ಔಷಧಿ ಕಮ್ಮಿ ಮಾಡ್ತಾರಂತೆ. ಅವನಿಗೆ ಎಚ್ಚರ ಆದಾಗ ನಾನು ಅಲ್ಲಿರ್ಬೇಕು."

ಅವಳು ಹೋದ ಮೇಲೂ ಮೆಹರುನ್ನಿಸಾ ಸ್ವಲ್ಪ ಹೊತ್ತು ಅಲ್ಲೇ ಕುಳಿತಳು. ಗಂಡ ಹಾಸಿಗೆ ಹಿಡಿದಿರುವ ಹೆಂಗಸಿನ ಜೊತೆ ವಿಭಕ್ತಿ ಪ್ರತ್ಯಯದ ಬಗ್ಗೆ ಜಗಳ ತೆಗೆದೆನಲ್ಲ ಎಂದು ಅವಳಿಗೆ ಪಿಚ್ಚೆನಿಸಿತು. ಆದರೂ ಆ ಎರಡು ಪದ ತಲೆಯಲ್ಲಿ ಗಿರಕಿ ಹೊಡೆಯುವುದು ನಿಲ್ಲಲಿಲ್ಲ.

ಮನೆ ನೋಡು. ಮರ ನೋಡು. ಕಳ್ಳಿ ನೋಡು.

ಅವಳು ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಕೋಟೆಯ ಮಗ್ಗುಲಲ್ಲಿ. ಲೋಹಿತನದು ಅಲ್ಲೇ ಪಕ್ಕದ ಚಳ್ಳಕೆರೆ. ಪಾಪಾಸುಕಳ್ಳಿ, ಬೊಂತೆಗಳ್ಳಿ, ಎಲೆಗಳ್ಳಿ, ಹೊಲದ ಅಂಚಿಗೆಲ್ಲ ಅದೇ ಕಾವಲು. ಆ ಸೀಮೆಯವರಿಗೆ ಕಳ್ಳಿ ಎಂದೊಡನೆ ಮೊದಲು ನೆನಪಾಗುವುದು ಹೆಂಗಸಲ್ಲ, ಬೇಲಿ.

"ಯಾ ಅಲ್ಲಾ," ಎಂದು ಅವಳು ಎದ್ದೇಬಿಟ್ಟಳು. ಪಕ್ಕದ ಮೇಜಿನ ಮುದುಕ ಗಾಬರಿಯಿಂದ ಇವಳತ್ತ ತಿರುಗಿದ.

ಲೋಹಿತ್ ಬಿದ್ದ ಸಭಾಭವನದ ಗೋಡೆಯ ಮೇಲೆಲ್ಲ ಆ ಸಂಜೆ, ಫೋಟೋ ಪ್ರದರ್ಶನಕ್ಕೆಂದು, ಅಮೆರಿಕದ ಮರುಭೂಮಿಯೇ ತೂಗುತ್ತಿತ್ತು!

*

ಟಾಲಾಕ್ಕೆ ಹೋಗುವ ಲುವಾಸ್ ಟ್ರ್ಯಾಮಿನಲ್ಲಿ ಕೂರಲು ಜಾಗವಿತ್ತು, ಮೆಹರುನ್ನಿಸಾಳಿಗೆ ಕೂರಲಾಗಲಿಲ್ಲ. ಕಂಬ ಹಿಡಿದು ನಿಂತೇ ಇನ್ನೊಂದು ಕೈಯಿಂದ ಫೋನಿನ ಮೇಲೆ ಬೆರಳಾಡಿಸುತ್ತಿದ್ದಳು.

ಅಮೆರಿಕದ ನೈರುತ್ಯದ ಮರುಭೂಮಿಗಳ ಬಗ್ಗೆ ಓದಿದಷ್ಟೂ ಇತ್ತು. ಅರಿಜೋನಾ, ಯೂಟಾ, ನ್ಯೂ ಮೆಕ್ಸಿಕೊ. ನಾವೆಲ್ಲ ಚಿತ್ರಗಳಲ್ಲಿ ನೋಡುವ, ಎರಡು ಕೈ ಮೇಲೆತ್ತಿ ನಿಂತ ಆ ದೈತ್ಯ ಕಳ್ಳಿಗೆ ಸವಾರೊ ಎಂದು ಹೆಸರು. ಬರೆಯುವುದು ಒಂದು ಥರ, ಓದುವುದು ಇನ್ನೊಂದು ಥರ. ಐರಿಶ್ ಹೆಸರುಗಳ ಜೊತೆ ಇಷ್ಟು ವರ್ಷ ಹೆಣಗಿದವಳಿಗೆ ಅದೇನು ಕಷ್ಟವಾಗಲಿಲ್ಲ.

ಓದುತ್ತ ಓದುತ್ತ ಒಂದು ಸಾಲಿನ ಮೇಲೆ ಅವಳ ಬೆರಳು ನಿಂತಿತು. ಅದನ್ನೇ ಮತ್ತೊಮ್ಮೆ ಓದಿಕೊಂಡಳು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

"ಖಾಲಾ, ಸೈನ್ ಮಾಡಿಬಿಟ್ರಾ?"

ಜುವೇರಿಯಾ. ಖಾಲಾ ಎಂದರೆ ತಾಯಿಯ ಸೋದರಿ. ರಕ್ತಸಂಬಂಧವೇನೂ ಇಲ್ಲ, ಡಬ್ಲಿನ್ನಿಗೆ ಬಂದ ಹೊಸದರಲ್ಲಿ ಬಾಡಿಗೆಗೆ ಕೋಣೆ ಸಿಗದೆ ಅಳುತ್ತಿದ್ದ ಈ ಹುಡುಗಿಯನ್ನು ಮೆಹರುನ್ನಿಸಾ ಮನೆಯಲ್ಲಿಟ್ಟುಕೊಂಡಿದ್ದಳು. ಆಗ ಅಂಟಿಕೊಂಡ ಸಂಬಂಧ. ಮನೆಯಲ್ಲಿ ಇಬ್ಬರದೂ ಉರ್ದು, ಆದರೆ ಗಾಬರಿಯಾದಾಗ ಜುವೇರಿಯಾಳ ಬಾಯಲ್ಲಿ ಬೆಂಗಳೂರಿನ ಕನ್ನಡವೇ ಬರುತ್ತಿತ್ತು.

"ಇನ್ನೂ ಇಲ್ಲ ಕಣೆ."

"ಮಾಡ್ಬೇಕಾದ್ರೆ ಮಾಡಿ ಖಾಲಾ. ನಾನು ನಿಮ್ಮನ್ನ ಸುಳ್ಳು ಹೇಳಿ ಅಂತ ಕೇಳಲ್ಲ. ಆದ್ರೆ ಮುಂದಿನ ತಿಂಗಳು ಕಿಲಾರ್ನೀಲಿ ನನ್ನ ಸಿಟಿಜನ್‌ಶಿಪ್ ಸೆರಮನಿ. ಕೇಸ್ ಆದ್ರೆ ಒಳ್ಳೆ ನಡತೆ ಇಲ್ಲ ಅಂತ ಎಲ್ಲಾ ಕ್ಯಾನ್ಸಲ್. ಆಫೀಸಲ್ಲಿ ಆಗ್ಲೇ ಮುಖ ತಿರುಗಿಸ್ತಿದಾರೆ. ಕನ್ನಡ ಗ್ರೂಪಲ್ಲಿ ನನ್ನ ತೆಗೆದೇ ಹಾಕಿದ್ರು."

"ತೆಗೆದೋರಿಗೆ ಆಮೇಲೆ ಸರಿಯಾಗಿ ಹೇಳ್ತೀನಿ ನಾನು."

"ಲೋಹಿತ್ ಭಾಯಿ ನನ್ನ ಯಾಕೆ ಹಂಗೆ ಕರೆದ್ರು ಖಾಲಾ? ಅವರೇ ಫೋನ್ ಮಾಡಿ ಬೇಗ ಬಾ ಅಂದಿದ್ರು. ಓಡಿ ಹೋದೆ. ನನ್ನ ಎದುರಿಗೇ ಕಳ್ಳಿ ಅಂದ್ರು."

ಮೆಹರುನ್ನಿಸಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಕಳ್ಳಿ ಅಂದ್ರೆ ಏನೇ?"

"ಕಳ್ತನ ಮಾಡೋಳು."

"ಬೇರೆ ಏನಿಲ್ವಾ?"

"ಬೇರೆ ಏನಿರುತ್ತೆ?"

ಅಲ್ಲೇ ಇದ್ದದ್ದು ಎಡವಟ್ಟು. ಶಿವಾಜಿನಗರದಲ್ಲಿ ಬೆಳೆದ ಹುಡುಗಿಗೆ ಕುಂಡದಲ್ಲಿ ಇಡುವ ಮುಳ್ಳುಗಿಡ ಕ್ಯಾಕ್ಟಸ್. ಕಳ್ಳಿ ಎಂದರೆ ಅವಳ ಪಾಲಿಗೆ ಒಂದೇ ಅರ್ಥ, ಅದೂ ಎದೆಗೆ ಚುಚ್ಚುವಂಥದ್ದು.

"ಫೋನ್ ಕೈಲೇ ಇಟ್ಕೊಂಡಿರು," ಎಂದು ಮೆಹರುನ್ನಿಸಾ ಮುಂದಿನ ನಿಲ್ದಾಣದಲ್ಲಿ ಇಳಿದಳು.

*

ಸಭಾಭವನದ ಮುಂದೆ ಬಿಳಿ ವ್ಯಾನೊಂದು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಅದು ಪ್ರದರ್ಶನದ ಚಿತ್ರಗಳನ್ನು ಗಾಲ್ವೇ ಊರಿಗೆ ಒಯ್ಯಲಿದ್ದ ವ್ಯಾನು. ಅಲ್ಲಿ ಮುಗಿಸಿ ಕಾರ್ಕ್ ಬದಿಯ ಡಗ್ಲಸ್‌ಗೆ. 'ಕೆಂಪು ಕಲ್ಲಿನ ನಾಡು' ಪ್ರದರ್ಶನಕ್ಕೆ ಕನ್ನಡಿಗರು ಮುಗಿಬಿದ್ದಿದ್ದರು, ಐರಿಶ್ ಪತ್ರಿಕೆಯೊಂದರಲ್ಲೂ ಬಂದಿತ್ತು. ಲೋಹಿತ್ ಬಿದ್ದ ಸುದ್ದಿಯಿಂದ ಜನ ಹೆಚ್ಚಿದರೇ ಹೊರತು ಕಡಿಮೆಯಾಗಲಿಲ್ಲ.

ಒಳಗೆ ಛಾಯಾಗ್ರಾಹಕ ಮಿಥುನ್ ಒಬ್ಬನೇ ಚಿತ್ರಗಳನ್ನು ಇಳಿಸುತ್ತಿದ್ದ. ಮೈಸೂರಿನವನು, ನೋಡಲು ಲಕ್ಷಣ, ಮಾತಿನಲ್ಲಿ ಬೆಣ್ಣೆ. ಮೈತುಂಬ ಜೇಬಿದ್ದ ಅಂಗಿ ತೊಟ್ಟಿದ್ದ.

"ಮೆಹರ್ ಆಂಟಿ! ಬನ್ನಿ ಬನ್ನಿ. ಓಪನಿಂಗ್‌ಗೆ ಬರ್ಲೇ ಇಲ್ಲ ನೀವು."

"ಈಗ ಬಂದೆ ನೋಡಪ್ಪ. ವ್ಯಾನಿಗೆ ಹಾಕೋ ಮುಂಚೆ ಒಂದು ಸುತ್ತು ಹಾಕ್ತೀನಿ."

"ಹಾಕಿ ಆಂಟಿ. ಯು ಆರ್ ಗ್ರ್ಯಾಂಡ್," ಎಂದ, ಪರವಾಗಿಲ್ಲ ಎನ್ನುವುದಕ್ಕೆ ಐರಿಶರು ಅನ್ನುವ ಹಾಗೆ.

ಅವಳು ಗೋಡೆಯುದ್ದಕ್ಕೂ ನಡೆದಳು. ಕೆಲಸಕ್ಕೆಂದು ಬಂದವಳು ಒಂದು ಗಳಿಗೆ ಕೆಲಸವನ್ನೇ ಮರೆತಳು ಎಂದರೆ ಸುಳ್ಳಲ್ಲ.

ನೆಲ ಸೀಳಿ ಒಳಗಿಳಿದಂಥ ಕಿರಿದಾದ ಕಣಿವೆಯೊಂದರಲ್ಲಿ ಕೆಂಪು ಬಂಡೆ ರೇಷ್ಮೆ ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿ ಇಳಿದಿತ್ತು, ಮೇಲಿನ ಬಿರುಕಿನಿಂದ ಬೆಳಕಿನ ಕೋಲೊಂದು ಮರಳಿಗೆ ಊರಿತ್ತು. ಅದು ಆಂಟೆಲೋಪ್ ಕ್ಯಾನಿಯನ್. ಪಕ್ಕದಲ್ಲಿ ಕೊಲರಾಡೊ ನದಿ ಕುದುರೆಲಾಳದ ಆಕಾರಕ್ಕೆ ತಿರುಗಿ ಹಸಿರಾಗಿ ನಿಂತಿತ್ತು. ಯೂಟಾದಲ್ಲಿ ಬರೀ ಗಾಳಿ, ನೀರು ಕೊರೆದ ಕಲ್ಲಿನ ಕಮಾನು, ಅದರ ಕೆಳಗೆ ಇರುವೆಯಷ್ಟು ಮನುಷ್ಯ. ನ್ಯೂ ಮೆಕ್ಸಿಕೊದಲ್ಲಿ ಉಪ್ಪು ಸುರಿದಂತೆ ಬಿಳಿ ಮರಳ ದಿಬ್ಬಗಳು. ಆ ನೆಲದಲ್ಲಿ ಯಾವುದಕ್ಕೂ ಅವಸರವಿದ್ದಂತೆ ಕಾಣಲಿಲ್ಲ. ಹೊರಗೆ ಗಾಳಿ ಬಾಗಿಲು ಬಡಿಯುತ್ತಿತ್ತು. ಇಂಥ ಕಡೆ ಒಂದು ದಿನವಾದರೂ ಸುಮ್ಮನೆ ಕೂತು ಬರಬೇಕೆಂದು ಅವಳಿಗೆ ತೀವ್ರವಾಗಿ ಅನ್ನಿಸಿತು.

ಆಸೆಯನ್ನು ಬದಿಗಿಟ್ಟು ಅವಳು ಗಿಡಗಳನ್ನು ಹುಡುಕಿದಳು. ಬೂದು ಬಣ್ಣದ ಪೊದೆಗಳಿದ್ದವು, ತಿರುಚಿಕೊಂಡ ಜೂನಿಪರ್ ಮರವಿತ್ತು. ಕಳ್ಳಿ ಮಾತ್ರ ಎಲ್ಲೂ ಇಲ್ಲ.

ಕೊನೆಗೆ ಸಿಕ್ಕಿತು.

ಎಲ್ಲಕ್ಕಿಂತ ದೊಡ್ಡ ಚಿತ್ರ ಅದು, ಮಾನ್ಯುಮೆಂಟ್ ವ್ಯಾಲಿಯದು. ಬಟಾಬಯಲಿನಲ್ಲಿ ಮೂರು ಕೆಂಪು ಕಲ್ಲಿನ ಬೆಟ್ಟ, ಅದರಲ್ಲಿ ಎರಡಕ್ಕೆ ಹೆಬ್ಬೆರಳು ಬಿಡಿಸಿದ ಕೈಗವಸಿನ ಆಕಾರ. ಸಂಜೆಯ ಬಿಸಿಲಿಗೆ ಕೆಂಡದಂತೆ ಹೊಳೆಯುತ್ತಿದ್ದವು. ಎಡಗಡೆ ಮೂಲೆಯಲ್ಲಿ, ಪೊದೆಗಳ ನಡುವೆ, ಎರಡು ಕೈ ಮೇಲೆತ್ತಿದ ಕಳ್ಳಿಯೊಂದು ನಿಂತಿತ್ತು. ಹುಡುಕಿಕೊಂಡು ಬಂದವರಿಗೆ ಬಿಟ್ಟರೆ ಬೇರೆಯವರ ಕಣ್ಣಿಗೆ ಬೀಳುವಂತಿರಲಿಲ್ಲ.

ಈ ಚಿತ್ರದ ಎದುರಿಗೇ ಹಿಂಬಾಗಿಲು. ಅದರಾಚೆ ಲೋಹಿತ್ ಬಿದ್ದ ಮೆಟ್ಟಿಲು.

"ಈ ಕಳ್ಳಿ ವಿಷಯ ಹೇಳಪ್ಪ ಸ್ವಲ್ಪ," ಎಂದಳು ಮೆಹರುನ್ನಿಸಾ, ಚಿತ್ರದ ಮೇಲಿನ ಕಣ್ಣು ಕೀಳದೆ.

ಹಿಂದೆ ಏನೋ ನೆಲಕ್ಕೆ ಬಿದ್ದ ಸದ್ದಾಯಿತು. ತಿರುಗಿದರೆ ಮಿಥುನನ ಕೈಯಲ್ಲಿದ್ದ ಟೇಪಿನ ಸುರುಳಿ ಕುರ್ಚಿಯ ಕೆಳಗೆ ಉರುಳಿಹೋಗುತ್ತಿತ್ತು. ಅವನ ಮುಖ ಸುಣ್ಣ ಬಳಿದಂತಾಗಿತ್ತು.

"ಯಾವ... ಏನಂದ್ಳು ಅವಳು ನಿಮ್ಮ ಹತ್ರ?"

"ಯಾರಪ್ಪ ಅವಳು?"

ಮಿಥುನ್ ಬಗ್ಗಿ ಟೇಪಿನ ಸುರುಳಿಗೆ ಕೈ ಚಾಚಿದ.

"ನಾನು ಈ ಗಿಡ ಕೇಳ್ದೆ," ಎಂದು ಮೆಹರುನ್ನಿಸಾ ಚಿತ್ರದ ಮೂಲೆಗೆ ಬೆರಳಿಟ್ಟಳು. "ಕ್ಯಾಕ್ಟಸ್ ಕಣಪ್ಪ. ನಮ್ಮ ದುರ್ಗದ ಕಡೆ ಕಳ್ಳಿ ಅಂತೀವಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕುಂಬಳಕಾಯಿಯ ಹೆಸರೂ ಎತ್ತಿರಲಿಲ್ಲ, ಇವನು ಎರಡೂ ಹೆಗಲು ಒರೆಸಿಕೊಂಡಿದ್ದ.

"ಓ, ಕ್ಯಾಕ್ಟಸ್ಸಾ!" ಮಿಥುನ್ ನಕ್ಕ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ. "ನಾನೇನೋ ಅಂದ್ಕೊಂಡೆ. ಅಲ್ಲಿ ಎಲ್ಲಾ ಕಡೆ ಇರುತ್ತಲ್ಲ ಆಂಟಿ. ಡೆಸರ್ಟ್ ಅಲ್ವಾ."

"ಇದರ ಹತ್ರಾನೇ ನಿಂತು ತೆಗೆದ್ಯಾ?"

"ಮತ್ತೆ? ಪಕ್ಕದಲ್ಲೇ ಟ್ರೈಪಾಡ್ ಹಾಕಿದ್ದೆ."

"ಮುಳ್ಳು ಚುಚ್ಚಲಿಲ್ವಾ?"

"ಚುಚ್ಚದೆ ಇರುತ್ತಾ! ಇಲ್ಲಿ, ಮೊಣಕೈಗೆ. ರಕ್ತ ಬಂದಿತ್ತು. ಒಂದು ಒಳ್ಳೆ ಶಾಟ್ ಬೇಕು ಅಂದ್ರೆ ಇವೆಲ್ಲಾ ಇದ್ದಿದ್ದೇ ಆಂಟಿ."

ಮೆಹರುನ್ನಿಸಾ ಅವನ ಮೊಣಕೈಯನ್ನು ಕನಿಕರದಿಂದ ನೋಡಿದಳು. ಕೋರ್ಟಿನ ಕಟಕಟೆಯ ಪಕ್ಕದಲ್ಲಿ ಇಷ್ಟು ವರ್ಷ ನಿಂತು ಅವಳು ಕಲಿತದ್ದು ಒಂದೇ. ಸುಳ್ಳು ಹೇಳುವವನಿಗೆ ಪ್ರಶ್ನೆ ಕೇಳಬಾರದು, ಜಾಗ ಕೊಡಬೇಕು. ಅವನೇ ಹಾಸಿಕೊಂಡು ಮಲಗುತ್ತಾನೆ.

"ಆ ಕಡೆ ಗೋಡೇಲಿ ಇದೇ ಬೆಟ್ಟಗಳ ಮೇಲೆ ಹಿಮ ಬಿದ್ದಿರೋ ಫೋಟೋ ಐತಲ್ಲ, ಅದೂ ಇದೇ ಜಾಗಾನಾ?"

"ಹೌದು. ಎತ್ತರದ ಜಾಗ ಅಲ್ವಾ, ಚಳಿಗಾಲದಲ್ಲಿ ಬೀಳುತ್ತೆ."

"ಅದಕ್ಕೇ ಕೇಳ್ದೆ ಕಣಪ್ಪ. ಈ ಸವಾರೊ ಕಳ್ಳಿ ಇದೆಯಲ್ಲ, ಅದಕ್ಕೆ ಅಂಥ ಚಳಿ ಆಗಿಬರಲ್ಲ. ಅದು ಬೆಳೆಯೋದು ಅರಿಜೋನಾದ ದಕ್ಷಿಣದ ಬಿಸಿ ತಗ್ಗಿನಲ್ಲಿ. ಮಾನ್ಯುಮೆಂಟ್ ವ್ಯಾಲಿಗೆ ಅಲ್ಲಿಂದ ಕಾರಲ್ಲಿ ಒಂದು ಹಗಲಿನ ದಾರಿ. ಈ ಬೆಟ್ಟದ ಕೆಳಗೆ ಅದು ಹುಟ್ಟೋದೇ ಇಲ್ಲ."

ಮಿಥುನ್ ಚಿತ್ರದ ಹತ್ತಿರ ಬಂದ. ತನ್ನದೇ ಎಂದು ಹೆಸರು ಹಾಕಿಕೊಂಡಿದ್ದ ಚಿತ್ರವನ್ನು ಮೊದಲ ಸಲ ನೋಡುವವನಂತೆ ಆ ಮೂಲೆಗೆ ಬಗ್ಗಿ ನೋಡಿದ.

"ಇಲ್ಲದಿರೋ ಗಿಡದ ಮುಳ್ಳು ನಿನ್ನ ಮೊಣಕೈಗೆ ಹೆಂಗೆ ಚುಚ್ಚಿತು?"

ಹೊರಗೆ ವ್ಯಾನಿನವನು ಹಾರ್ನ್ ಮಾಡಿದ.

"ಶುಕ್ರವಾರ ಚಿತ್ರ ತೂಗಿಸೋಕೆ ಲೋಹಿತ್ ಬಂದಿದ್ದ. ಅವನೂ ಆ ಮರುಭೂಮಿ ಫೋಟೋ ತೆಗೆದು ಬಂದೋನೇ. ಇದನ್ನ ನೋಡ್ದ. ಇದು ನಿಂದಲ್ಲ, ಅವಂದು. ಹೌದೋ ಅಲ್ವೋ?"

"ಅಲ್ಲಿ ಎಲ್ರೂ ನಿಂತ್ಕೊಳೋದು ಒಂದೇ ಜಾಗದಲ್ಲಿ ಆಂಟಿ!" ಮಿಥುನನ ಬೆಣ್ಣೆಯೆಲ್ಲ ಕರಗಿ ಹೋಗಿತ್ತು. "ಪಾರ್ಕಿಂಗ್ ಲಾಟ್ ಪಕ್ಕದ ಕಟ್ಟೆ. ಅದೇ ಮೂರು ಬೆಟ್ಟ, ಅದೇ ಸನ್‌ಸೆಟ್. ಲಕ್ಷ ಜನ ತೆಗೆದಿದಾರೆ. ಯಾರ್ದು ಯಾವ್ದು ಅಂತ ಯಾರು ಹೇಳ್ತಾರೆ?"

"ಈ ಕಳ್ಳಿ ಹೇಳ್ತೈತೆ."

ಅವನು ಕುರ್ಚಿಯ ಮೇಲೆ ಕುಸಿದ. ತನ್ನಷ್ಟಕ್ಕೇ ಮಾತಾಡತೊಡಗಿದ.

"ನಾನೂ ಹೋಗಿದ್ದೆ ಆಂಟಿ, ನಿಜವಾಗ್ಲೂ. ಇದ್ದ ರಜಾ ಎಲ್ಲಾ ಹಾಕಿ ಹೋಗಿದ್ದೆ. ಅಲ್ಲಿ ಬರೀ ಧೂಳು ಗಾಳಿ. ಮೂರು ಬೆಟ್ಟ ಇರ್ಲಿ, ಮೂಗಿನ ಮುಂದಿರೋದು ಕಾಣ್ಲಿಲ್ಲ. ವಾಪಸ್ ಬಂದ್ಮೇಲೆ ಎಲ್ರೂ ಫೋಟೋ ತೋರ್ಸು ತೋರ್ಸು ಅಂದ್ರು. ಏನ್ ತೋರ್ಸ್ಲಿ?"

ಮೆಹರುನ್ನಿಸಾಳಿಗೆ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಇವನ ಮಾನ ಉಳಿಯಲು ಅಲ್ಲೊಂದು ಹುಡುಗಿಯ ಮಾನ ಹೋಗುತ್ತಿತ್ತು.

"ಲೋಹಿತನ್ನ ತಳ್ಳಿದ್ದು ನೀನಾ?"

"ಇಲ್ಲ! ದೇವರಾಣೆ ಇಲ್ಲ. ನಾನಾಗ ಟೇಬಲ್ ತರೋಕೆ ಹೋಗಿದ್ದೆ, ಕೇರ್‌ಟೇಕರ್ ಜೊತೇಲಿದ್ದೆ. ಬೇಕಾದ್ರೆ ಕೇಳಿ."

"ಫೋಟೋ ಕದ್ದಿದ್ದು?"

"ಕದ್ದಿಲ್ಲ. ನನಗೆ ಕೊಟ್ಟಿದ್ದು."

"ಯಾರು?"

ಮಿಥುನ್ ತಲೆ ಅಲ್ಲಾಡಿಸಿದ. "ಹೇಳಲ್ಲ ಆಂಟಿ. ಗಾರ್ಡಾ ಕರ್ಕೊಂಡ್ ಬನ್ನಿ, ಹೇಳಲ್ಲ."

*

ಮೆಹರುನ್ನಿಸಾ ಆ ಚಿತ್ರದ ಮೂಲೆಯ ಫೋಟೋ ತೆಗೆದು ಜುವೇರಿಯಾಗೆ ಕಳಿಸಿ, ಬಾಗಿಲಾಚೆ ಬಂದು ಕರೆ ಮಾಡಿದಳು. ಮಳೆ ಓರೆಯಾಗಿ ಬೀಳುತ್ತಿತ್ತು.

ಆ ಕಡೆ ಕರೆ ತೆಗೆದ ಸದ್ದಾಯಿತು.

"ಫೋಟೋ ನೋಡಿದ್ಯೇನೇ?"

"ಖಾಲಾ, ಇದು ಎಲ್ಲಿ ಸಿಕ್ತು?"

"ಮಿಥುನನ ಪ್ರದರ್ಶನದಲ್ಲಿ. ಯಾಕೆ?"

"ಆ ಕ್ಯಾಕ್ಟಸ್ ಇಟ್ಟಿದ್ದು ನಾನು."

ಮೆಹರುನ್ನಿಸಾ ಗೋಡೆಗೆ ಒರಗಿದಳು. ಅನುಮಾನದ ತಕ್ಕಡಿ ಒಂದೇ ಏಟಿಗೆ ಮತ್ತೆ ಈ ಹುಡುಗಿಯ ಕಡೆಗೇ ವಾಲಿತು. ಅದೂ ಕ್ಷಣಮಾತ್ರ. ಜುವೇರಿಯಾಳ ಕೆಲಸ ಗ್ರಾಫಿಕ್ ಡಿಸೈನಿಂಗ್ ಎನ್ನುವುದು ಅವಳಿಗೆ ಈಗ ಹೊಳೆಯಿತು.

"ಬಿಡಿಸಿ ಹೇಳು."

"ಭಾಯಿ ಕೇಳ್ಕೊಂಡ್ರು. ಅವರ ಡೆಸರ್ಟ್ ಫೋಟೋಗಳು ಹೆಂಗೋ ಆಚೆ ಹೋಗ್ತಿವೆ, ಯಾರು ಅಂತ ತಿಳೀಬೇಕು, ಒಂದು ಫೋಟೋಲಿ ಅಲ್ಲಿ ಇರಕ್ಕಾಗ್ದೇ ಇರೋದು ಏನಾದ್ರೂ ಹಾಕಿ ಕೊಡು ಅಂದ್ರು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಅದಕ್ಕೇ ಹೇಳ್ಲಿಲ್ಲ. ಪ್ರದರ್ಶನದಲ್ಲಿ ಇದು ಇದೆ ಅಂತ ನನಗೆ ಗೊತ್ತೇ ಇಲ್ಲ, ನಾನು ಹಾಲ್ ಒಳಗೇ ಹೋಗ್ಲಿಲ್ಲ ಖಾಲಾ, ಮೆಟ್ಟಿಲ ಹತ್ರಾನೇ..."

"ಅಳಬ್ಯಾಡ. ಕೇಳಿಲ್ಲಿ. ಅವನು 'ಕಳ್ಳಿ ನೋಡು' ಅಂದಿದ್ದು ನಿನ್ನನ್ನ ಅಲ್ಲ. ನಮ್ಮೂರ ಕಡೆ ಕಳ್ಳಿ ಅಂದ್ರೆ ಕ್ಯಾಕ್ಟಸ್."

ಫೋನಿನ ಆ ತುದಿಯಲ್ಲಿ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಮೆಹರುನ್ನಿಸಾಳ ಕಣ್ಣೂ ತುಂಬಿ ಬಂತು. ಇಷ್ಟು ದಿನ ಹೊತ್ತಿದ್ದ ಹೆಸರನ್ನು ಒಂದು ಗಿಡ ಇಳಿಸಿತಲ್ಲ ಎಂದು ಸಂತೋಷವೂ ಆಯಿತು. ಆದರೆ ಮಾತು ಮುಗಿದಿರಲಿಲ್ಲ.

"ಆ ಕಳ್ಳಿ ಇರೋ ಫೋಟೋ ಅವನು ಯಾರ್ಯಾರಿಗೆ ಕಳಿಸಿದ್ದ?"

"ಒಬ್ಬರಿಗೇ."

"ಯಾರಿಗೆ?"

"ಅರ್ಪಿತಾ ಅಕ್ಕಂಗೆ."

ನನಗೆ ಹೇಳಿದ, ನನ್ನ ಮುಖಾನೇ ನೋಡ್ತಾ ಹೇಳಿದ. ಬೆಳಿಗ್ಗೆ ಅರ್ಪಿತಾ ತನ್ನ ಬಾಯಾರೆ ಆಡಿದ ಮಾತು. ಅದೊಂದು ಮಾತ್ರ ನಿಜ ಹೇಳಿದ್ದಳು. ಮಿಥುನನಿಗೆ ಫೋಟೋ ಕೊಟ್ಟವಳು ಅವಳೇ, ಗಂಡ ಅವಳಿಗೆ ತೋರಿಸುತ್ತಿದ್ದದ್ದು ಅವಳ ಕಳ್ಳತನದ ಗುರುತನ್ನೇ.

ಮೆಹರುನ್ನಿಸಾ ವಾರ್ಡಿಗೆ ಫೋನ್ ಹಚ್ಚಿದಳು. ಅವಸರದಲ್ಲಿ ಒಂದು ಸಲ ತಪ್ಪು ನಂಬರಿಗೆ ಹೋಯಿತು.

"ಓ, ದುಭಾಷಿ ಮೇಡಂ!" ಎಂದಳು ನರ್ಸ್ ಲವಲವಿಕೆಯ ಇಂಗ್ಲಿಷಿನಲ್ಲಿ. "ನಿಮಗೇ ಫೋನ್ ಮಾಡಬೇಕು ಅಂತಿದ್ದೆ. ಎಚ್ಚರವಾಗಿದ್ದಾರೆ! ಇಂಗ್ಲಿಷ್ ಇನ್ನೂ ಬಾಯಿಗೆ ಬರ್ತಿಲ್ಲ, ನಿಮ್ಮ ಭಾಷೆಯಲ್ಲೇ ಏನೋ ಹೇಳ್ತಿದ್ದಾರೆ."

"ನಾನು ಬರ್ತಿದೀನಿ. ಅಲ್ಲಿವರೆಗೆ ಯಾರೂ ಅವರ ಹತ್ತಿರ..."

"ಮಳೆಯಲ್ಲಿ ಓಡಿ ಬರೋದೇನೂ ಬೇಡ. ಹೆಂಡತಿ ಇದ್ದಾರಲ್ಲ, ಅವರೇ ನಮಗೆ ಅರ್ಥ ಹೇಳ್ತಿದ್ದಾರೆ. ಸಾರ್ಜೆಂಟ್ ಕ್ಲೋಡಾ ಕೂಡ ಇಲ್ಲೇ ಇದ್ದಾರೆ. ಎಲ್ಲಾ ಗ್ರ್ಯಾಂಡ್."

"ಸಾರ್ಜೆಂಟಿಗೆ ಫೋನ್ ಕೊಡಿ. ಈಗಲೇ ಕೊಡಿ!"

ನರ್ಸ್ ನಡೆದು ಹೋಗುವ ಸದ್ದು ಕೇಳಿತು. ಪರದೆ ಸರಿಸಿದ ಸದ್ದು. ಆಮೇಲೆ ಯಂತ್ರಗಳ ಬೀಪ್ ನಡುವೆ, ಬಾವಿಯೊಳಗಿಂದ ಬಂದಂಥ ಗಂಡಸಿನ ಧ್ವನಿ, ಕನ್ನಡದಲ್ಲಿ.

"ಇವಳು ಬೇಡ... ಇವಳನ್ನ ಆಚೆ ಕಳ್ಸಿ..."

ಅದರ ಹಿಂದೆಯೇ ಅರ್ಪಿತಾಳ ಧ್ವನಿ. ಅಳುತ್ತಲೇ, ಒಂದೊಂದು ಪದವನ್ನೂ ಬಿಡಿಸಿ, ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ಜುವೇರಿಯಾ ತಳ್ಳಿದಳು ಅಂತಿದ್ದಾನೆ, ಸಾರ್ಜೆಂಟ್."